ಖಾಲಾ ಮಡಚುತ್ತಿದ್ದ ಮೂಲೆ

ಆ ಶುಕ್ರವಾರ ಮಧ್ಯಾಹ್ನ, ಜುಮ್ಮಾ ನಮಾಜು ಮುಗಿಸಿ ಜನ ಮನೆಗೆ ಮರಳುತ್ತಿದ್ದ ಹೊತ್ತಿನಲ್ಲಿ, ಶಹಾಪುರದ ನನ್ನ ಬಾಡಿಗೆ ಮನೆಯ ಹೊರಮೆಟ್ಟಿಲಿನ ತಿರುವಿನಲ್ಲಿ ನಾನು ನಿಂತಿದ್ದೆ. ಕೈಯಲ್ಲಿ ಒಗೆದ ಬಟ್ಟೆಯ ಬಕೆಟ್ಟಿತ್ತು. ಕೆಳಗೆ ಬೇವಿನ ನೆರಳಿನಲ್ಲಿ ಕಾರು ನಿಂತಿತ್ತು, ಅದರ ಎಡಗಡೆಯ ಮುಂಬಾಗಿಲು ಪೂರ್ತಿ ತೆರೆದಿತ್ತು. ನನಗೂ ಆ ಬಾಗಿಲಿಗೂ ನಡುವೆ ಮರೆಯಾಗುವಂಥದ್ದು ಏನೂ ಇರಲಿಲ್ಲ. ಕಾರಿನ ಒಡತಿ ಆ ದಿನ ಊರಲ್ಲೇ ಇರಲಿಲ್ಲ. ಕಾರನ್ನು ತಮ್ಮ ಮೈದುನ ಕೇಳಿದ್ದನೆಂದು ಕೀಲಿ ಕೊಟ್ಟು, ತಾವು ಬಸ್ಸಿನಲ್ಲಿ ಸುರಪುರಕ್ಕೆ ತಂಗಿಯ ಮನೆಗೆ ಹೋಗಿದ್ದರು. ಇಷ್ಟನ್ನು ಮೊದಲೇ ಬರೆದಿಡುತ್ತೇನೆ.

ಅವರನ್ನು ಓಣಿಯೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು. ಹತ್ತಿ ಮಿಲ್ಲಿನ ಕಚೇರಿಯಲ್ಲಿ ಕೆಲಸ ಸಿಕ್ಕಿ ಅವರ ಮಹಡಿಯ ಕೋಣೆಗೆ ಬಾಡಿಗೆಗೆ ಬಂದ ನಾನೂ ಹಾಗೇ ಕರೆದೆ. ಖಾಲಾ ಎಂದರೆ ನನಗೆ ಮೊದಲು ಕಣ್ಣಿಗೆ ಬರುವುದು ಅವರ ಬಲಗೈ ಹೆಬ್ಬೆರಳಿನ ಉಗುರು. ಮೆಹಂದಿಯ ಕೆಂಪು ಎಂದೂ ಆರದ, ಅಂಚು ಸವೆದು ಚಪ್ಪಟೆಯಾದ ಉಗುರು. ಜೂನ್ ಬಂದರೆ ಓಣಿಯ ಮಕ್ಕಳೆಲ್ಲ ಪಾಟಿಚೀಲ ಹೊತ್ತು ಅವರ ಜಗಲಿಗೆ ಬರುತ್ತಿದ್ದರು. ಪುಸ್ತಕಕ್ಕೆ ಕಂದು ಕಾಗದದ ರಟ್ಟು ಹಾಕಿ, ಆ ಉಗುರಿನಿಂದ ಗೀರಿ, ಮೂಲೆಯನ್ನು ಎರಡು ಮಡಿಕೆ ಮಡಚಿ ಒಳಗೆ ಸೇರಿಸುತ್ತಿದ್ದರು. ಕತ್ತರಿಸಿದ ಅಂಚು ಎಲ್ಲೂ ಹೊರಗೆ ಕಾಣುತ್ತಿರಲಿಲ್ಲ. ಯಾರಾದರೂ ಅವಸರ ಮಾಡಿದರೆ ಬೈಗುಳ ಖಚಿತ.

“ಮೂಲಿ ಕತ್ತರಿಸಬ್ಯಾಡಲೇ, ಮಡಚು. ಕತ್ತರಿಸಿದ್ದು ಕಿತ್ತು ಬರ್ತದ, ಮಡಚಿದ್ದು ಕೂಡ್ತದ.”

ಗಂಡ ತೀರಿದ ಮೇಲೆ ಅವರ ಕಾರನ್ನು ಮಾರಲಿಲ್ಲ. ತಾವೇ ಓಡಿಸಲು ಕಲಿತರು. ಓಣಿಯ ಬಸುರಿಯರಿಗೆ ಯಾದಗಿರಿಯ ಆಸ್ಪತ್ರೆಗೂ, ಪರೀಕ್ಷೆಗೆ ಹೋಗುವ ಹುಡುಗಿಯರಿಗೆ ಸ್ಟೇಶನ್ನಿಗೂ ಅದೇ ಕಾರು. “ಸೀಟ್ ಬೆಲ್ಟ್ ಹಾಕ್ಕೊ, ಇಲ್ಲಂದ್ರ ಇಳಿ” ಎಂದು ಎಂಥ ಮುದುಕಿಗೂ ಗದರುತ್ತಿದ್ದರು. ಹತ್ತಿದವರು ಯಾರೂ ಎದುರಾಡಲಿಲ್ಲ.

ನಮ್ಮ ಕಡೆಯ ಬಿಸಿಲು ಕಾರಿನೊಳಗನ್ನು ತಿಂದು ಹಾಕುತ್ತದೆ. ಬಾಗಿಲಿನ ಹಿಡಿಕೆ ಅಂಟಂಟಾಗಿತ್ತು, ಗೇರಿನ ಸುತ್ತಲ ಪಟ್ಟಿ ಚರ್ಮ ಸುಲಿದಂತಾಗಿತ್ತು, ಡ್ಯಾಶ್‌ಬೋರ್ಡು ಬೆಳ್ಳಗೆ ಬಿರಿದಿತ್ತು. ಒಂದು ದಿನ ಹೈದರಾಬಾದಿನಿಂದ ಸಂಬಂಧಿಕರೊಬ್ಬರ ಕೈಲಿ ಮರದ ಬಣ್ಣದ, ಅಂಟಿಸುವ ವಿನೈಲ್ ಹಾಳೆಯ ಸುರುಳಿ ತರಿಸಿದರು. ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ, ಸೋಪಿನ ನೀರಿನಿಂದಲೂ ಆಮೇಲೆ ಸ್ಪಿರಿಟ್ಟಿನಿಂದಲೂ ಒರೆಸಿ, ಜಗಲಿಯ ಮೇಲೆ ಚಾದರ ಹಾಸಿ ಕುಳಿತರು. ಕೂದಲು ಒಣಗಿಸುವ ಯಂತ್ರದಿಂದ ಹಾಳೆಗೆ ಬಿಸಿ ಕೊಡುವುದು, ಎಳೆಯದೆ ಒತ್ತುವುದು, ನಡುವಿನಿಂದ ಅಂಚಿಗೆ ಗಾಳಿ ಹೊರಡಿಸುವುದು, ಕಡೆಗೆ ಆ ಉಗುರಿನಿಂದ ಗೀರಿ ಅಂಚನ್ನು ಹಿಂದಕ್ಕೆ ಮಡಚುವುದು. ಎದುರು ಮನೆಯ ಹಾಲಿನಕ್ಕ, ಅಂದರೆ ನಮಗೆಲ್ಲ ಹಾಲು ಹಾಕುವ ಹೆಂಗಸು, ಕ್ಯಾನು ಹಿಡಿದೇ ನಿಂತು ನಗುತ್ತಿದ್ದಳು.

“ಏನ್ ಖಾಲಾ, ಕಾರಿಗೆ ಲಗ್ನ ಮಾಡ್ತೀರೇನ?”

“ನಿನ್ನ ಎಮ್ಮಿಗೆ ಮಾಡೋಣು ಬಾ, ಹಾಳಿ ಉಳಿದಾವ.”

ಎಲ್ಲ ಮುಗಿಯಿತು, ಎಡಗಡೆಯ ಸೀಟಿನ ಎದುರಿನ ಅಗಲ ಭಾಗವೊಂದು ಬಿಟ್ಟು. ಅದು ಮಾತ್ರ ಬಿರಿದ ಹಳೆಯ ಬೂದು ಬಣ್ಣದಲ್ಲೇ ಉಳಿಯಿತು. ಮೈದುನ ಅದನ್ನು ನೋಡಿ ಮುಖ ಸಿಂಡರಿಸಿದ್ದು ನನ್ನ ಎದುರೇ. ಆತನ ಮಗನಿಗೆ ದೇವಾಪುರದ ಕಡೆ ಹೆಣ್ಣು ನೋಡಲು ಹೋಗಬೇಕಿತ್ತು.

“ಭಾಬಿ, ಇದೊಂದ್ಯಾಕ ಬಿಟ್ಟೀ? ಹೊಸಾ ಅಂಗಿಗೆ ತ್ಯಾಪಿ ಹಚ್ಚಿದಂಗ ಕಾಣ್ತದ.”

“ಅದರ ಒಳಗ ಗಾಳಿ ಚೀಲ ಐತಿ. ಗಾಡಿ ಬಡದ್ರ ಅದು ಹರಕೊಂಡು ಹೊರಗ ಬರಬೇಕು. ಅದರ ಬಾಯಿ ನಾನು ಮುಚ್ಚಂಗಿಲ್ಲ.”

“ಬೀಗರ ಮುಂದ ಮಾನ ಹೋಗ್ತದ.”

“ಹೋಗ್ಲಿ. ಮತ್ತ ಬರ್ತದ.”

ಈ ಮಾತು ನಡೆದ ಮೇಲಿನ ಶುಕ್ರವಾರವೇ ನಾನು ಮೆಟ್ಟಿಲಿನ ಮೇಲೆ ನಿಂತಿದ್ದದ್ದು. ಡಿಕ್ಕಿಯಲ್ಲಿದ್ದ ಉಳಿದ ಹಾಳೆಯನ್ನು ಮೈದುನನೇ ತೆಗೆದ. ಮದುಮಗನಾಗಬೇಕಿದ್ದ ಮಗ ಅದರ ಒಂದು ತುದಿ ಹಿಡಿದಿದ್ದ. ಇಬ್ಬರೂ ಸೇರಿ ಆ ಬೂದು ಭಾಗದ ಮೇಲೆ ಎಳೆದು, ಬಿಸಿ ಮಾಡಿ, ಅಂಟಿಸಿದರು. ಹಾಲಿನಕ್ಕ ತನ್ನ ಹೊಸ್ತಿಲಿನಿಂದ “ಖಾಲಾ ಬ್ಯಾಡಂದಿದ್ದರಲ್ಲೋ” ಎಂದು ಕೂಗಿದಳು. ನಾನೂ ಮೆಟ್ಟಿಲಿನಿಂದಲೇ ಅದನ್ನೇ ಹೇಳಿದೆ. “ನಮ್ಮ ಮನಿ ಗಾಡಿರೀ ಇದು” ಎಂದ ಮೈದುನ, ತಲೆ ಎತ್ತದೆ. ಉಳಿದ ಅಂಚನ್ನು ಬ್ಲೇಡಿನಿಂದ ಸರ್ರನೆ ಕತ್ತರಿಸಿದ. ಮಡಚಲಿಲ್ಲ.

ಎರಡನೆಯ ದಿನ ಸಂಜೆ, ಹೆಣ್ಣು ನೋಡಿ ಹಿಂದಿರುಗುವಾಗ, ಸುರಪುರ ರಸ್ತೆಯಲ್ಲಿ ಹಿಂದೀಪವಿಲ್ಲದೆ ನಿಂತಿದ್ದ ಹತ್ತಿ ಟ್ರ್ಯಾಕ್ಟರಿಗೆ ಕಾರು ಬಡಿಯಿತು. ಓಡಿಸುತ್ತಿದ್ದ ಮೈದುನನಿಗೆ ಏನೂ ಆಗಲಿಲ್ಲ. ಗಾಳಿ ಚೀಲ ಸಿಡಿದಾಗ ಎಡಗಡೆ ಕುಳಿತ ಮಗನ ಮುಖಕ್ಕೆ ಅದರ ಮುಚ್ಚಳದ ಪ್ಲಾಸ್ಟಿಕ್ಕಿನ ಚೂರು ಹೊಡೆದು ಒಂದು ಕಣ್ಣು ಹೋಯಿತು. ಆ ಹಾಳೆ ಇರದಿದ್ದರೆ ಕಣ್ಣು ಉಳಿಯುತ್ತಿತ್ತು ಎಂದು ನಾನು ಹೇಳಲಾರೆ, ನನಗೆ ಗೊತ್ತಿಲ್ಲ. ಅಂಟಿಸಿದ ಕೈ ಯಾರದೆಂಬುದು ಗೊತ್ತು.

ಕಾರನ್ನು ಎಳೆದು ತಂದು ಓಣಿಯಲ್ಲಿ ನಿಲ್ಲಿಸಿದಾಗ ಜನ ಮುತ್ತಿದರು. ಮೈದುನ ಎಲ್ಲರಿಗೂ ಕೇಳುವಂತೆ ಹೇಳಿದ: “ಈಕಿ ಸ್ಟಿಕರ್ ಶೋಕಿಗೆ ನನ್ನ ಮಗನ ಕಣ್ಣು ಹೋತು.”

ಖಾಲಾ ಅಳಲಿಲ್ಲ. ಒಳಗೆ ಬಗ್ಗಿ, ಜೋತುಬಿದ್ದಿದ್ದ ಹಾಳೆಯ ತುಂಡನ್ನು ಎತ್ತಿ ತೋರಿಸಿದರು.

“ಈ ಅಂಚು ನೋಡ್ರಿ. ನಿಮ್ಮ ಮಕ್ಕಳ ಪುಸ್ತಕ ತಂದು ಪಕ್ಕಕ್ಕಿಟ್ಟು ನೋಡ್ರಿ. ಹಿಂಗ ಕತ್ತರಿಸಿದ್ದು ನನ್ನ ಕೈಯಲ್ಲ.”

“ಮತ್ತ ಆಕಾಶದಿಂದ ಬಿತ್ತೇನು?” ಎಂದ ಆತ.

ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಹಾಲಿನಕ್ಕನೂ ಹೇಳಿದಳು. “ಅವರ ಮನ್ಯಾಗ ಬಾಡಿಗಿ ಇರೋರು ಮತ್ತೇನ್ ಹೇಳ್ತಾರ” ಎಂದರು ಜನ, ನನಗೆ. “ಎಮ್ಮಿ ಕಾಯೋಕಿಗೆ ಕಾರಿಂದೇನ್ ತಿಳೀತದ” ಎಂದರು ಅವಳಿಗೆ. ಒಬ್ಬರಾದರೂ ಮನೆಗೆ ಹೋಗಿ ಒಂದು ಪುಸ್ತಕ ತರಲಿಲ್ಲ. ತಂದಿದ್ದರೆ ಸಾಕಿತ್ತು. ಆ ಓಣಿಯಲ್ಲಿ ಖಾಲಾ ರಟ್ಟು ಹಾಕಿದ ಪುಸ್ತಕವಿಲ್ಲದ ಮನೆ ಇರಲಿಲ್ಲ. ಅವರ ಮೇಲೆ ಮೊದಲಿನಿಂದ ಏನೋ ಸಿಟ್ಟಿತ್ತು ಜನರಿಗೆ: ಗಂಡನಿಲ್ಲದ ಹೆಂಗಸು ಸ್ಟೇರಿಂಗ್ ಹಿಡಿದದ್ದು, ಎಲ್ಲರಿಗೂ ಗದರಿದ್ದು. ಅದಕ್ಕೊಂದು ನೆಪ ಬೇಕಿತ್ತು, ಸಿಕ್ಕಿತು.

ಆಸ್ಪತ್ರೆಯಿಂದ ಬಂದ ಆ ಹುಡುಗನ ಬಳಿ ಹೋಗಿ ಕೇಳುತ್ತೇನೆಂದು ನಾನು ಹೊರಟಾಗ ಖಾಲಾ ಮೆಟ್ಟಿಲಿಗೆ ಅಡ್ಡ ಕುಳಿತರು.

“ಕೇಳಬ್ಯಾಡ ಬೇಟಾ. ಕಣ್ಣು ಕಳಕೊಂಡಾನ. ಅಪ್ಪನ್ನೂ ಕಳಕೋಬೇಕೇನು?”

“ನಿಮ್ಮ ಹೆಸರು, ಖಾಲಾ?”

“ಅವನ ಪುಸ್ತಕಕ್ಕ ರಟ್ಟು ಹಾಕೀನಿ ನಾನು. ಒಂದನೇ ಕ್ಲಾಸಿಂದ.”

ಆ ಮಾತಿಗೆ ಅಂದು ಕೋಣೆಗೆ ಹಿಂತಿರುಗಿದೆ. ಒಪ್ಪಿಕೊಂಡು ಅಲ್ಲ, ಇಂದಿಗೂ ಒಪ್ಪಿಲ್ಲ.

ಅವರು ಕಾರನ್ನು ರಿಪೇರಿ ಮಾಡಿಸಿದರು. ಬೆಳಿಗ್ಗೆ ಅದನ್ನು ಒರೆಸಿ ಬೇವಿನ ಕೆಳಗೆ ತಂದು ನಿಲ್ಲಿಸಿ ಕಾಯುತ್ತಿದ್ದರು. ಹಾಲಿನಕ್ಕನ ಹೊರತು ಯಾರೂ ಹತ್ತಲಿಲ್ಲ. ದಿನ ತುಂಬಿದ ಪಕ್ಕದ ಮನೆಯ ಸೊಸೆ ಅದರ ಮುಂದೆಯೇ ಆಟೋ ಹತ್ತಿ, ಕುಲುಕಿದಾಗೊಮ್ಮೆ ಚೀರುತ್ತ ಹೋದಳು. ಖಾಲಾ ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡು ಆ ಆಟೋ ತಿರುವು ದಾಟುವ ತನಕ ನೋಡಿದರು. ಜೂನ್ ಬಂತು. ಜಗಲಿಗೆ ಮಕ್ಕಳೂ ಬರಲಿಲ್ಲ.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಎದೆನೋವು ಎಂದರು. ಮಣ್ಣು ಕೊಟ್ಟು ಬಂದ ಮೇಲೆ, ಅವರದೇ ಜಗಲಿಯಲ್ಲಿ ಕುಳಿತು ಮೈದುನ ಹೇಳಿದ: “ಛಲೋ ಹೆಣ್ಮಗಳು. ಒಂದ ತಪ್ಪು ಮಾಡಿದ್ಳು. ಅಲ್ಲಾ ಮಾಫ್ ಮಾಡ್ಲಿ.” ಕುಳಿತವರೆಲ್ಲ ತಲೆ ಅಲ್ಲಾಡಿಸಿದರು. ಆ ಅಲ್ಲಾಡಿದ ತಲೆಗಳಿಗಾಗಿ ಇದನ್ನು ಬರೆದಿದ್ದೇನೆ. ಹುಡುಗನನ್ನು ಉಳಿಸಿಕೊಳ್ಳಲು ಖಾಲಾ ಬಾಯಿ ಮುಚ್ಚಿದರು. ಅವರು ಮಾಡದ ತಪ್ಪಿಗೆ ಅವರ ಗೋರಿಯ ಮೇಲೆ ಬೇರೆಯವರು ಕ್ಷಮೆ ಕೇಳುವವರೆಗೆ ಆ ಸುಳ್ಳು ಹೋಗಬಾರದಿತ್ತು.

ಆ ಶುಕ್ರವಾರ ನಡೆದದ್ದನ್ನು ಕಂಡವರು ಇನ್ನೂ ಇದ್ದೇವೆ. ಮೆಟ್ಟಿಲಿನ ತಿರುವಿನಲ್ಲಿದ್ದ ನಾನು. ಹೊಸ್ತಿಲಲ್ಲಿದ್ದ ಹಾಲಿನಕ್ಕ, ಇವತ್ತೂ ಬೆಳಿಗ್ಗೆ ಹಾಲು ಹಾಕಿ ಹೋದಳು. ಕತ್ತರಿಸಿದ ಆತ. ಮತ್ತು ಹಾಳೆಯ ತುದಿ ಹಿಡಿದು ನಿಂತಿದ್ದ ಆತನ ಮಗ. ಅಂದು ಅವನು ಎರಡೂ ಕಣ್ಣಿನಿಂದ ನೋಡಿದ್ದಾನೆ.