ನನ್ನ ಗರ್ಭಕೋಶದ ವಿಡಿಯೋ

ಫೋನಿನಲ್ಲಿ ಬೆಂದ ಸಬ್ಬಕ್ಕಿಯಂಥ ಪುಟ್ಟ ಗುಂಡುಗಳು ಕಾಣಿಸಿದವು. ಬಸರೀಕಟ್ಟೆಯ ಎಸ್ಟೇಟ್ ಲೈನಿನ ಕೂಲಿಮನೆಗಳ ಮುಂದೆ ಬಟ್ಟೆ ಗಂಟು ಬಿಚ್ಚಿ ಕೂತಿದ್ದ ನಾನು ವ್ಯಾಪಾರ ಬಿಟ್ಟು ಕರೆದೆ, "ಬನ್ರೇ, ನನ್ನ ಗರ್ಭಕೋಶ ನೋಡಿ."

ಕಳೆದ ವರ್ಷ ಅದನ್ನು ತೆಗೆಯುವ ಮುನ್ನ ಕೊಪ್ಪದ ಆಸ್ಪತ್ರೆಯ ಡಾಕ್ಟರಮ್ಮ, ಸಂಶೋಧನೆಗೆ ಒಂದು ಚೂರು ಕೊಡುತ್ತೀರಾ ಎಂದು ಕೇಳಿದ್ದರು. ಪುಕ್ಕಟೆ ಕೊಟ್ಟು ಅಭ್ಯಾಸವಿಲ್ಲದ ನಾನು, ಅದರಿಂದ ಬೆಳೆಸಿದ್ದನ್ನು ನನಗೆ ತೋರಿಸಬೇಕೆಂದು ಮಾತು ತೆಗೆದುಕೊಂಡೇ ಸಹಿ ಹಾಕಿದ್ದೆ. ಅವರು ಮಾತು ಉಳಿಸಿಕೊಂಡು ಈ ವಿಡಿಯೋ ಕಳಿಸಿದ್ದರು. ಆ ಚೂರಿನಿಂದ ಗರ್ಭಕೋಶದ ಒಳಪದರವನ್ನೇ ಹೋಲುವ ಗುಂಡುಗಳನ್ನು ಲ್ಯಾಬಿನಲ್ಲಿ ಬೆಳೆಸಿ, ಸೋಂಕು ತಗುಲಿಸಿ, ಏನಾಗುತ್ತದೆಂದು ನೋಡುತ್ತಾರಂತೆ.

"ಅಕ್ಕ, ಎಲ್ರೂ ಹಿಂಗೆ ನೋಡಿದ್ರೆ ಅದಕ್ಕೆ ನಾಚಿಕೆ ಆಗಲ್ವಾ?" ಎಂದಳು ಒಬ್ಬಳು.

"ಅದಕ್ಕೆಂತ ನಾಚಿಕೆ ಮಾರಾಯ್ತಿ. ನಾಚ್ಕೊಂಡು ನೋವು ತಿನ್ನೋದು ನಾವು ಮಾತ್ರ."

ಎಲ್ಲರೂ ನಕ್ಕರು, ಗಿರಿಜಾ ಒಬ್ಬಳನ್ನು ಬಿಟ್ಟು. ತಿಂಗಳುಗಳಿಂದ ಅವಳಿಗೆ ಬಿಳಿಸೆರಗು, ಕೆಳಹೊಟ್ಟೆ ನೋವು. ಆಸ್ಪತ್ರೆಗೆ ಹೋಗೆಂದು ನಾನು ಹೇಳಿ ಹೇಳಿ ಸಾಕಾಗಿತ್ತು. ಉಳಿದವರು ಚದುರಿದ ಮೇಲೆ ಹತ್ತಿರ ಬಂದು ಕೇಳಿದಳು, "ಅಕ್ಕ, ನಾಳೆ ಕೊಪ್ಪಕ್ಕೆ ನನ್ ಜೊತೆ ಬರ್ತೀರಾ?"

"ನಾಳೆವರೆಗೆ ಬಿಟ್ರೆ ನಿನ್ನ ಮನಸ್ಸು ತಿರುಗ್ತದೆ. ಜೀಪು ಹತ್ತು" ಎಂದು ಗಂಟು ಕಟ್ಟಿದೆ. ಡಾಕ್ಟರಮ್ಮ ಪರೀಕ್ಷೆ ಮಾಡಿ, ಸೋಂಕಿದೆ, ಗುಳಿಗೆಯಲ್ಲೇ ವಾಸಿಯಾಗುತ್ತದೆ ಎಂದರು. ಹಾಗೆಯೇ ಆಯಿತು. ಓದುವ ತಂಗಿಯರೇ, ಇಂಥ ನೋವನ್ನು ಮುಚ್ಚಿಟ್ಟು ಯಾರಿಗೂ ಲಾಭವಿಲ್ಲ.

ಮೊನ್ನೆ ಗಿರಿಜಾ ಒಂದು ಸೀರೆಗೆ ಅರ್ಧ ಗಂಟೆ ಚೌಕಾಸಿ ಮಾಡಿದಳು. ಅಷ್ಟು ಹೊತ್ತೂ ಹೊಟ್ಟೆ ಹಿಡಿದುಕೊಳ್ಳದೆ ನೆಟ್ಟಗೆ ನಿಂತಿದ್ದಳು. ಅದನ್ನು ನೋಡಿಯೇ ಸೋತು, ಅವಳು ಕೇಳಿದ ಬೆಲೆಗೇ ಕೊಟ್ಟುಬಿಟ್ಟೆ.