ಕೈಯೂ ಕಟ್ಟಿದ ತಲೆಪಟ್ಟಿ

ಶೆಂಗ್‌ಶಿಯೆನ್ ಸೀಮೆಯ ಹೆಂಗಸರ ನಾಟಕ ಮಂಡಳಿಯಲ್ಲಿ ಕೈಯೂ ಎಂಬವಳಿಗೆ ಇದ್ದದ್ದು ಒಂದೇ ಕೆಲಸ, ನಾಯಕನ ಪಾತ್ರದವಳ ಹಣೆಗೆ ಪಟ್ಟಿ ಬಿಗಿಯುವುದು. ಒದ್ದೆ ಬಟ್ಟೆಯನ್ನು ಸುತ್ತಿ ಎಳೆದರೆ ಹುಬ್ಬು ಮೇಲೇರಿ, ಮೂರು ಮಕ್ಕಳ ತಾಯಿ ಇಪ್ಪತ್ತರ ತರುಣನಾಗುತ್ತಾಳೆ. ಬಿಗಿ ಹೆಚ್ಚಾದರೆ ವಾಂತಿ, ಸಡಿಲವಾದರೆ ತಲೆಯ ಮೇಲಿನ ಟೋಪಿ ರಂಗದ ಮೇಲೇ ಉರುಳುತ್ತದೆ. ಟೋಪಿ ಬಿದ್ದವಳಿಗೆ ಮತ್ತೆ ಪಾತ್ರವಿಲ್ಲ. ಮೂವತ್ತು ವರ್ಷದಲ್ಲಿ ಕೈಯೂ ಕಟ್ಟಿದ ಒಂದು ಟೋಪಿಯೂ ಬಿದ್ದಿರಲಿಲ್ಲ. ಅವಳು ಯಾರನ್ನೂ ಹೊಗಳಿದ್ದೂ ಇರಲಿಲ್ಲ.

೧೯೮೩ರ ವಸಂತದಲ್ಲಿ ಮಂಡಳಿಯ ಯಜಮಾನ ಲೌ ತನ್ನ ತಂಗಿಯ ಮಗ ಬೋವೆನ್‌ನನ್ನು ಕರೆತಂದು ಕೈಯೂಗೆ ಹೇಳಿದ, "ಕಾಲ ಬದಲಾಗಿದೆ. ಗಂಡಸಿನ ಪಾತ್ರಕ್ಕೆ ಗಂಡಸೇ ಇದ್ರೆ ಸಹಜ ಅಲ್ವೇನಮ್ಮ?"

ಸಹಜವಂತೆ! ಸಹಜ ಬೇಕಿದ್ದವರು ಎಮ್ಮೆಯನ್ನು ನೋಡಿಕೊಂಡು ಇರಬಹುದಿತ್ತು. ಹಳೆಯ ಪ್ರೇಮಕಥೆಯ ನಾಯಕನಾಗಿ ಇಪ್ಪತ್ತಾರು ವರ್ಷ ಮೆರೆದ ಸಾಯ್‌ಫೆಂಗ್ ಇನ್ನು ದಾಸಿಯರ ಸಾಲಿನಲ್ಲಿ ನಿಲ್ಲಬೇಕು. ಹುಡುಗ ಗೆದ್ದರೆ ಅದೂ ಇಲ್ಲ, ಚಹಾ ಕಾರ್ಖಾನೆಯಲ್ಲಿ ಎಲೆ ಆರಿಸಬೇಕು. ಅವಳು ವೇಷದ ಪೆಟ್ಟಿಗೆಯ ಹಿಂದೆ ಕೂತು ಅಳುತ್ತಿದ್ದಳು. ಅಳುವ ನಾಯಕನೆಂದರೆ ಕೈಯೂಗೆ ಹೇಸಿಗೆ.

"ಅಕ್ಕಾ, ಅವನ ಪಟ್ಟಿ ಒಂಚೂರು ಸಡಿಲ ಬಿಡೇ," ಎಂದು ಸಾಯ್‌ಫೆಂಗ್ ಪಿಸುಗುಟ್ಟಿದಳು.

"ಥೂ! ಟೋಪಿ ಬಿದ್ರೆ ಮಾನ ಹೋಗೋದು ಅವನದಲ್ಲ ಕಣೇ, ನನ್ನದು."

ಕೈಯೂ ಬೋವೆನ್‌ಗೆ ಅಚ್ಚುಕಟ್ಟಾಗಿಯೇ ಕಟ್ಟಿದಳು. ಅವನು ಕನ್ನಡಿಯಲ್ಲಿ ತನ್ನನ್ನೇ ನೋಡಿ ನಕ್ಕ. ಮೂರ್ಖ.

ಮಧ್ಯಾಹ್ನ ಆಟ ನಡೆಯುವ ಕುಲದ ಪೂರ್ವಜರ ಮಂಟಪ ತುಂಬಿತ್ತು. ಹೆಂಗಸರು ಮನೆಯಿಂದ ಬೆಂಚು ಹೊತ್ತು ತಂದು ಕೂತಿದ್ದರು. ಬೋವೆನ್ ಎದೆ ಉಬ್ಬಿಸಿ, ಸಂತೆಗೆ ಹೊರಟವನ ಹಾಗೆ ನಡೆದು ಬಂದ. ನಲ್ಲೆಯ ಕೈಯನ್ನು ಕೋಳಿ ಹಿಡಿದಂತೆ ಹಿಡಿದ. ಅಗಲುವ ದೃಶ್ಯದಲ್ಲಿ ಗಂಟಲು ಕೆರೆದು ಅತ್ತ. ಟೋಪಿ ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ.

ಮುಂದಿನ ಸಾಲಿನ ಅಜ್ಜಿಯೊಬ್ಬಳು ಎದ್ದು ಬೆಂಚನ್ನು ಹೆಗಲಿಗೇರಿಸಿದಳು.

"ಎಲ್ಲಿಗೆ ಅಜ್ಜೀ, ಇನ್ನೂ ಅರ್ಧ ಆಟ ಇದೆ!" ಎಂದು ಲೌ ಓಡಿಬಂದ.

"ಮನೆಗೆ. ಇಂಥ ಗಂಡಸು ಮನೇಲೇ ಒಬ್ಬ ಬಿದ್ಕೊಂಡಿದಾನೆ. ಇದನ್ನ ನೋಡೋಕೆ ಬೆಂಚು ಬೇರೆ ಹೊತ್ಕೊಂಡು ಬರಬೇಕಿತ್ತಾ?"

ಮಂಟಪವೆಲ್ಲ ಗೊಳ್ಳೆಂದಿತು. ಒಂದೊಂದೇ ಬೆಂಚು ಎದ್ದಿತು. ಪರದೆ ಎಳೆಸಿ ಲೌ ಒಳಗೆ ಬಂದಾಗ ಮುಖ ಬಿಳಿಚಿತ್ತು. "ಸಾಯ್‌ಫೆಂಗ್, ತಾಯೀ, ಬೇಗ ವೇಷ ಹಾಕು! ನೀನೇ ಬರ್ತೀಯ ಅಂತ ಹೇಳಿ ಅವರನ್ನ ಬಾಗಿಲಲ್ಲಿ ನಿಲ್ಲಿಸಿದೀನಿ. ಇನ್ನು ಈ ಪಾತ್ರ ನಿಂದೇ."

ಕೈಯೂ ಬೋವೆನ್‌ನ ತಲೆಯಿಂದ ಪಟ್ಟಿ ಬಿಚ್ಚಿ ನೀರಿಗೆ ಅದ್ದಿದಳು. ಅವನತ್ತ ನೋಡಲೂ ಇಲ್ಲ. ಸಾಯ್‌ಫೆಂಗ್‌ಳ ಹಣೆಗೆ ಸುತ್ತಿ ಎಳೆದಳು.

"ಅಕ್ಕಾ, ನೋಯುತ್ತೆ."

"ನೋಯಲಿ. ಅವನದ್ದು ಸಡಿಲ ಬಿಡು ಅಂದ್ಯಲ್ಲ, ಅದಕ್ಕೆ," ಎಂದು ಕೈಯೂ ಇನ್ನೊಂದು ಸುತ್ತು ಬಿಗಿದಳು.