ಮಲ್ಲಾಜಮ್ಮನವರು ಕೌಲಾಲಂಪುರದಲ್ಲಿ ಬಚ್ಚಲು ತೊಳೆದದ್ದು

ನಂಜನಗೂಡಿನ ಪೇಟೆಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ನಡೆಸುವ ಗಂಗಾಧರಸ್ವಾಮಿಯವರ ಧರ್ಮಪತ್ನಿ ಮಲ್ಲಾಜಮ್ಮನವರು ತಾವು ಮಲಗೆದ್ದ ಹಾಸಿಗೆಯನ್ನು ಎಂದೂ ಪರರ ಕೈಗೆ ಬಿಟ್ಟವರಲ್ಲ. ಮನೆಗೆಲಸದ ಚಿಕ್ಕಮಾದಮ್ಮ ಬರುವ ವೇಳೆಗೆ ಅರ್ಧ ಕೆಲಸ ಮುಗಿದಿರುತ್ತಿತ್ತು. ಉಳಿದರ್ಧಕ್ಕೆ ಕೈಹಾಕುವ ಮುನ್ನ ಆಕೆಗೆ ತಿಂಡಿಯಾಗಬೇಕಿತ್ತು. ಶಿವನು ಒಬ್ಬೊಬ್ಬರಿಗೆ ಒಂದೊಂದು ಬಗೆಯ ಪೂಜೆಯನ್ನು ಕರುಣಿಸುತ್ತಾನೆ. ಇವರಿಗೆ ಕರುಣಿಸಿದ್ದು ಪರರ ಶ್ರಮವನ್ನು ಇಳಿಸುವ ಪೂಜೆ.

ಎರಡು ಸಾವಿರದ ನಾಲ್ಕರಲ್ಲಿ ಸಿಮೆಂಟು ಕಂಪನಿಯವರು ಹೆಚ್ಚು ಮಾಲು ಮಾರಿದ ಡೀಲರುಗಳನ್ನು ಸತಿಸಮೇತ ಮಲೇಷಿಯಾಕ್ಕೆ ಕರೆದೊಯ್ದು ಕೌಲಾಲಂಪುರದ ಒಂದು ದೊಡ್ಡ ಹೋಟೆಲಿನಲ್ಲಿ ಇಳಿಸಿದರು. ಮೊದಲ ಮುಂಜಾನೆ ಮಲ್ಲಾಜಮ್ಮನವರು ಎದ್ದು, ಹಾಸಿಗೆ ಸರಿಮಾಡಿ, ಬಚ್ಚಲು ತೊಳೆದು, ಸ್ನಾನ ಮುಗಿಸಿ, ಲಿಂಗಪೂಜೆಗೆ ಕುಳಿತರು. ಪೂಜೆ ಮುಗಿದಾಗ ಬಾಗಿಲು ತಟ್ಟಿದ ಸದ್ದಾಯಿತು. ಕೋಣೆಗಳನ್ನು ಶುಚಿ ಮಾಡುವ ವಳ್ಳಿಯಮ್ಮ, ಐವತ್ತರ ಆಸುಪಾಸಿನ ತಮಿಳು ಹೆಂಗಸು, ಮಂಡಿ ಹಿಡಿದುಕೊಂಡು ಒಳಗೆ ಬಂದಳು.

ಮಲ್ಲಾಜಮ್ಮನವರ ತವರು ತಮಿಳುನಾಡಿನ ಗಡಿಯೊಳಗಿನ ತಾಳವಾಡಿಯ ಕಡೆ. ತಮಿಳು ಚೆನ್ನಾಗಿಯೇ ಬರುತ್ತಿತ್ತು. "ಮಂಡಿ ನೋವಾ ತಾಯಿ? ಕೂತ್ಕೊ," ಎಂದು ಕುರ್ಚಿ ಎಳೆದರು.

"ಹಾಸಿಗೆ ಬಟ್ಟೆ ಬದಲಿಸಬೇಕಲ್ಲಮ್ಮಾ."

"ಒಂದು ರಾತ್ರಿ ಮಲಗಿದ್ದಕ್ಕೆ ಅದಕ್ಕೇನಾಗಿದೆ? ನಿಪ್ಪಟ್ಟು ತಿನ್ನು."

ವಳ್ಳಿಯಮ್ಮ ನಿಪ್ಪಟ್ಟು ತಿಂದು, ದಣಿವಾರಿಸಿಕೊಂಡು, ಕೈಮುಗಿದು ಹೊರಟಳು. ಸತ್ಕಾರ್ಯವನ್ನು ಒಬ್ಬರೇ ಮಾಡುವುದು ಸ್ವಾರ್ಥವೆಂದು ತಿಳಿದಿದ್ದ ಮಲ್ಲಾಜಮ್ಮನವರು ಅಂದೇ ಪಕ್ಕದ ಕೋಣೆಯ ದೇವೀರಮ್ಮನವರಿಗೂ ವಿಷಯ ತಿಳಿಸಿದರು. ಅವರು ಟಿ. ನರಸೀಪುರದ ಡೀಲರ್ ಪುಟ್ಟರಾಜು ಅವರ ಪತ್ನಿ. ಮರುದಿನ ಆ ಮಹಡಿಯಲ್ಲಿದ್ದ ಡೀಲರುಗಳ ಹೆಂಡಂದಿರೆಲ್ಲ ತಮ್ಮ ತಮ್ಮ ಹಾಸಿಗೆ ಸರಿಮಾಡಿ, ಬಚ್ಚಲು ತೊಳೆದು, ವಳ್ಳಿಯಮ್ಮನನ್ನು ಬಾಗಿಲಿನಿಂದಲೇ ಕಳುಹಿಸಿದರು. ಗಂಡಂದಿರು ಊರು ನೋಡಲು ಬಸ್ಸಿನಲ್ಲಿ ಕಾದು ಕುಳಿತಿದ್ದರು.

ಮೂರನೆಯ ಬೆಳಗ್ಗೆ ವಳ್ಳಿಯಮ್ಮನ ಜೊತೆ ಕೋಟು ತೊಟ್ಟ ಮೇಲ್ವಿಚಾರಕನೊಬ್ಬ ಮಲ್ಲಾಜಮ್ಮನವರ ಕೋಣೆಗೆ ಬಂದು ನಿಂತ. ಆಕೆಯ ಕಣ್ಣು ಕೆಂಪಾಗಿತ್ತು.

"ನಿನ್ನೆ ಈ ಮಹಡಿಯಲ್ಲಿ ಒಂದು ಬಟ್ಟೆಯೂ ಬದಲಾಗಿಲ್ಲ ಅಂತಾರಮ್ಮಾ. ನಾನು ಕೆಲಸಗಳ್ಳಿಯಂತೆ. ಇವತ್ತೇ ಕಡೇ ದಿನ ಅಂತ ಹೇಳ್ತಿದಾರೆ," ಎಂದಳು ವಳ್ಳಿಯಮ್ಮ.

ಮಲ್ಲಾಜಮ್ಮನವರು ಸೆರಗು ಹೊದ್ದು ಎದ್ದು ನಿಂತರು. ತಾವೇ ಆಕೆಯನ್ನು ಕಳುಹಿಸಿದ್ದು, ತಾವೇ ಬಚ್ಚಲು ತೊಳೆದದ್ದು, ಆಕೆಯ ತಪ್ಪಿಲ್ಲ ಎಂದು ತಮಿಳಿನಲ್ಲಿ ವಿವರಿಸಿದರು. ಆ ಮನುಷ್ಯನಿಗೆ ತಮಿಳು ಬಾರದು. ತನ್ನ ಪರವಾದ ಸಾಕ್ಷಿಯನ್ನು ವಳ್ಳಿಯಮ್ಮ ತಾನೇ ಅವನ ಭಾಷೆಗೆ ತಿರುಗಿಸಿ ಹೇಳಬೇಕಾಯಿತು. ಆತ ಒಂದಕ್ಷರವನ್ನೂ ನಂಬಲಿಲ್ಲ.

ಗಂಗಾಧರಸ್ವಾಮಿಯವರು ತಮಗೆ ಬರುವಷ್ಟು ಇಂಗ್ಲಿಷಿನಲ್ಲಿ ಹೆಂಡತಿಯ ಮಾತು ನಿಜವೆಂದರು. ದುಡ್ಡು ಕೊಟ್ಟು ಬಂದವರು ಬಚ್ಚಲನ್ನೇಕೆ ತೊಳೆಯುತ್ತಾರೆ ಎಂದು ಆತ ಕೇಳಿದ. ಗಂಗಾಧರಸ್ವಾಮಿಯವರು ಹೆಂಡತಿಯ ಕಡೆ ತಿರುಗಿ, "ಮೂವತ್ತು ವರ್ಷದಿಂದ ನಾನೂ ಇದನ್ನೇ ಕೇಳ್ತಾ ಇವ್ನಿ ಕಣೇ," ಎಂದರು.

"ನೀವು ಸುಮ್ಕಿರಿ," ಎಂದ ಮಲ್ಲಾಜಮ್ಮನವರು ಮೇಲ್ವಿಚಾರಕನಿಗೆ ಕೈಸನ್ನೆ ಮಾಡಿ ಪಕ್ಕದ ಕೋಣೆಗೆ ಕರೆದೊಯ್ದರು. ಬಾಗಿಲು ತೆರೆದೇ ಇತ್ತು. ಒಳಗೆ ದೇವೀರಮ್ಮನವರು ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಬಚ್ಚಲಿನ ನೆಲ ಉಜ್ಜುತ್ತಿದ್ದರು. ಬಂದವನನ್ನು ತಲೆಯೆತ್ತಿ ನೋಡಿದರು.

"ಯಾವನ್ಲಾ ಇವ್ನು? ಈಗ ತಾನೆ ತೊಳ್ದಿವ್ನಿ. ಬೂಟ್ ಕಾಲಲ್ಲಿ ತುಳೀಬ್ಯಾಡ ಅಂತ ಏಳವ್ವ ಅವನ್ಗೆ."

ಇದನ್ನು ಯಾರೂ ತರ್ಜುಮೆ ಮಾಡಲಿಲ್ಲ. ಆತ ಬೂಟುಕಾಲನ್ನು ಹಿಂದಕ್ಕೆ ತೆಗೆದುಕೊಂಡ.

ಆಮೇಲೆ ಆತ ಒಂದು ಮಾತು ಹೇಳಿದ, ವಳ್ಳಿಯಮ್ಮ ತಿಳಿಸಿದಳು. ಈ ಅಮ್ಮಂದಿರು ಇನ್ನು ಮುಂದೆ ಕೋಣೆಯಲ್ಲಿ ಏನನ್ನೂ ಮುಟ್ಟದಿದ್ದರೆ ಆಕೆಯ ಕೆಲಸ ಉಳಿಯುತ್ತದೆ. ಮುಟ್ಟಿದರೆ ಇಲ್ಲ.

ಆ ದಿನ ಮಲ್ಲಾಜಮ್ಮನವರು ಊರು ನೋಡಲು ಹೋಗಲಿಲ್ಲ. "ಯಾರ ಒಡವೇನೂ ಮುಟ್ಟಿದೋಳಲ್ಲ ನಾನು," ಎಂದರು ಗಂಡನಿಗೆ. "ಅವಳ ಕಾಯಕಕ್ಕೆ ಕೈ ಆಕ್ಬುಟ್ಟೆ ಕಣ್ರೀ."

ಕೊಡುವುದು ನಮಗೆಲ್ಲ ಅಭ್ಯಾಸವಾದ ಪುಣ್ಯ. ಮತ್ತೊಬ್ಬರು ದುಡಿಯುವಾಗ ಕೈಕಟ್ಟಿ ಕುಳಿತು ಅವರ ದುಡಿಮೆಗೆ ಗೌರವ ಸಲ್ಲಿಸುವುದು ಅದಕ್ಕಿಂತ ಕಠಿಣವಾದ ವ್ರತವೆಂದು, ಶಿವನಾಣೆ, ನನಗೆ ತೋರುತ್ತದೆ.

ಮರುದಿನ ಮುಂಜಾನೆ ಹಾಸಿಗೆ ಮುದುಡಿಕೊಂಡೇ ಇತ್ತು. ಮಲ್ಲಾಜಮ್ಮನವರು ಪೂಜೆಗೆ ಅದರ ಕಡೆ ಬೆನ್ನು ಮಾಡಿ ಕುಳಿತರು. ವಳ್ಳಿಯಮ್ಮ ಬಂದು ಬಟ್ಟೆ ಬದಲಿಸಿದಳು, ಬಚ್ಚಲು ತೊಳೆದಳು, ಅವಸರವಿಲ್ಲದೆ. ಮಲ್ಲಾಜಮ್ಮನವರು ಕುರ್ಚಿಯಲ್ಲಿ ಕುಳಿತು, ಎರಡು ಕೈಗಳನ್ನೂ ಮಡಿಲಲ್ಲಿ ಬಿಗಿಹಿಡಿದುಕೊಂಡು ನೋಡುತ್ತಿದ್ದರು. ಕಡೆಗೆ ಆಕೆ ಕಸ ಎಳೆಯುವ ಯಂತ್ರವನ್ನು ಕುರ್ಚಿಯ ಬಳಿಗೆ ತಂದಳು.

"ಕಾಲು ಸ್ವಲ್ಪ ಎತ್ತಿ ಅಮ್ಮಾ."

ಮಲ್ಲಾಜಮ್ಮನವರು ಕಾಲೆತ್ತಿದರು. ಯಂತ್ರದ ಸದ್ದು ನಿಂತು, ವಳ್ಳಿಯಮ್ಮ ಬಾಗಿಲು ಹಾಕಿಕೊಂಡು ಹೋಗುವವರೆಗೂ ಇಳಿಸಲಿಲ್ಲ.